ಹಿಮ್ಮೇಳದ ಉಸಿರು

ಕೇಳುಗರೆ, ನಮಸ್ಕಾರ. ಇಂಡಿ ತಾಲೂಕಿನ ಒಂದು ಹಳ್ಳಿಯ ಭಜನಾ ಮೇಳದಲ್ಲಿ ನಾನು ಹಿಮ್ಮೇಳದವನು. ಕೈಯಲ್ಲಿ ತಾಳ, ಕಣ್ಣು ಮುಂದೆ ಹಾಡುವವರ ಬಾಯಿ ಮೇಲೆ. ಸಾಲು ಮುಗಿಯುತ್ತ ಬಂದಂತೆ ಅವರ ಉಸಿರು ಸಣ್ಣದಾಗುತ್ತದೆ. ಅದು ಕಡಿಯುವ ಮೊದಲೇ ನಾವು ಪದ ಎತ್ತಿಕೊಳ್ಳಬೇಕು. ಸ್ವಲ್ಪ ತಡವಾದರೂ ಪದ ಕೆಳಗೆ ಬಿದ್ದ ಹಾಗೆ.

ಈ ಕಸುಬು ನಮ್ಮದೊಂದೇ ಅಂದುಕೊಂಡಿದ್ದೆ. ಅಲ್ಲ. ಯುರೋಪಿನ ಕಾಯರ್‌ಗಳಲ್ಲಿ, ಅಂದರೆ ಕೂಡಿ ಹಾಡುವ ತಂಡಗಳಲ್ಲಿ, ಸ್ವರ ಉದ್ದ ಎಳೆಯಬೇಕಾದಾಗ ಎಲ್ಲರೂ ಒಮ್ಮೆಗೇ ಉಸಿರು ತಗೊಳ್ಳುವುದಿಲ್ಲ. ಪಕ್ಕದವರು ಹಾಡುತ್ತಿರುವಾಗ ಒಬ್ಬರು ಸದ್ದಿಲ್ಲದೆ ಉಸಿರೆಳೆದು ಮೆಲ್ಲಗೆ ಮತ್ತೆ ಸೇರಿಕೊಳ್ಳುತ್ತಾರೆ. ಕೇಳುವವರಿಗೆ ಸ್ವರ ಎಲ್ಲೂ ಕಡಿಯುವುದಿಲ್ಲ.

ಒಂದು ದೊಡ್ಡ ವ್ಯತ್ಯಾಸವಿದೆ. ನಾವೆಲ್ಲ ಹಿಡಿಯುವುದು ಒಂದೇ ಧಾಟಿ. ಅವರಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಅಂತ ನಾಲ್ಕು ದನಿ, ನಾಲ್ಕು ದಾರಿ. ಆದರೂ ಹಾಡು ಒಂದೇ.

ಜಾರ್ಜಿಯಾ ದೇಶದ ಗುರಿಯಾ ಸೀಮೆಯ ರೈತರಿಗೆ ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುವಾಗ ಎರಡು ಗುಂಪಾಗಿ, ಸರದಿಯ ಮೇಲೆ, ನಾಲ್ಕು ದನಿಯಲ್ಲಿ ಹಾಡುತ್ತಿದ್ದರು. ಆ ಹಾಡಿಗೆ ನಾದುರಿ ಅನ್ನುತ್ತಾರೆ. ರಾತ್ರಿಯೆಲ್ಲ ಮೇಟಿ ಸುತ್ತ ಎತ್ತು ಹೊಡೆಯುತ್ತ ಹಂತಿ ಪದ ಹಾಡಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಎಸ್ಟೋನಿಯಾದ ಕಥೆಯಂತೂ ನನ್ನ ನಿದ್ದೆ ಕೆಡಿಸಿತ್ತು. ನಮ್ಮ ವಿಜಯಪುರ ಜಿಲ್ಲೆಗಿಂತ ಕಡಿಮೆ ಜನ ಇರುವ ದೇಶ ಅದು. 1869ರಲ್ಲಿ ತಾರ್ತು ಊರಿನಲ್ಲಿ ಅಲ್ಲಿನ ಮೊದಲ ಹಾಡಿನ ಹಬ್ಬ ನಡೆಯಿತು. ಈಗ ಐದು ವರ್ಷಕ್ಕೊಮ್ಮೆ ತಾಲಿನ್‌ನಲ್ಲಿ 20 ಸಾವಿರಕ್ಕೂ ಜಾಸ್ತಿ ಹಾಡುಗಾರರು ಒಂದೇ ಕಡೆ ನಿಲ್ಲುತ್ತಾರೆ. ಸೋವಿಯತ್ ಆಳ್ವಿಕೆ ಇದ್ದಾಗ, 1988ರಲ್ಲಿ, ಅದೇ ಮೈದಾನದಲ್ಲಿ ಜನ ರಾತ್ರಿ ಸೇರಿ ತಮ್ಮ ನಾಡಿನ ಹಾಡು ಹಾಡಿದರು. 1991ರಲ್ಲಿ ಸ್ವಾತಂತ್ರ್ಯ ಮರಳಿ ಬಂತು. ಆ ಹೋರಾಟಕ್ಕೆ ಹಾಡುವ ಕ್ರಾಂತಿ ಅಂತಲೇ ಹೆಸರು.

ಈಚೆಗೆ ಕಂಪ್ಯೂಟರಿನಲ್ಲೂ ಕೂಡಿ ಹಾಡುತ್ತಾರೆ. 2010ರಲ್ಲಿ ಅಮೆರಿಕದ ಸಂಗೀತಗಾರ ಎರಿಕ್ ವಿಟೇಕರ್, 12 ದೇಶಗಳ 185 ಜನ ತಮ್ಮ ಮನೆಯಲ್ಲೇ ಹಾಡಿ ಕಳಿಸಿದ್ದನ್ನು ಜೋಡಿಸಿದರು. ಕೇಳಲು ಚೆಂದ ಇದೆ. ಆದರೆ ನನಗೆ ಪಕ್ಕದವನ ಉಸಿರು ಕಿವಿಗೆ ತಾಗಬೇಕು.

ನಮ್ಮ ಮೇಳದಲ್ಲೇ ಅದು ಕಡಿಮೆಯಾಗುತ್ತಿದೆ. ಒಂದೇ ಮೈಕು, ಅದೂ ಮುಂದೆ ಹಾಡುವವರಿಗೆ. ಹಿಂದೆ ಕೂತ ಎಂಟು ಜನರ ದನಿ ಗುಡಿಯ ಹೊರಗೆ ಕೇಳುವುದೇ ಇಲ್ಲ. ಬರುವ ಅಮಾವಾಸ್ಯೆಯ ಭಜನೆಗೆ ಮೈಕನ್ನು ನಡುವೆ ಇಟ್ಟು, ಸುತ್ತ ಕೂತು ಹಾಡೋಣ ಅಂತ ಮಾತಾಡಿಕೊಂಡಿದ್ದೇವೆ.