ಸರಿ ತಪ್ಪಿನ ಹಿಂದೆ ಯಾರಿದ್ದಾರೆ?

ಕೇಳುಗರೆಲ್ಲರಿಗೂ ನಮಸ್ಕಾರ.

1941ರ ಆಗಸ್ಟ್. ಲಂಡನ್ ಮೇಲೆ ತಿಂಗಳುಗಟ್ಟಲೆ ಬಾಂಬ್ ಬಿದ್ದು, ಜನ ಆಗಷ್ಟೇ ಸುಧಾರಿಸಿಕೊಳ್ಳುತ್ತಿದ್ದರು. ಆಗ ಬಿಬಿಸಿ ರೇಡಿಯೊದಲ್ಲಿ ಆಕ್ಸ್‌ಫರ್ಡಿನ ಸಾಹಿತ್ಯದ ಮೇಷ್ಟ್ರೊಬ್ಬರು ಬುಧವಾರ ಬುಧವಾರ ಕಾಲು ಗಂಟೆ ಮಾತಾಡಿದರು. ಅವರು ಸಿ. ಎಸ್. ಲೂಯಿಸ್. ಹೊರಟಿದ್ದು ದೇವರ ಕಡೆಗೆ, ಆದರೆ ಶುರುಮಾಡಿದ್ದು ಜನರ ಜಗಳದಿಂದ.

ನಮ್ಮ ಬಸ್ಸಿನ ಜಗಳವನ್ನೇ ತೆಗೆದುಕೊಳ್ಳಿ. "ರೀ, ನಾನು ಆಗಲೇ ಕರ್ಚೀಫ್ ಹಾಕಿದ್ದೆ, ಏಳ್ರೀ." ಕೂತವರು ಏನನ್ನುತ್ತಾರೆ? ಸರಿ ತಪ್ಪು ಅನ್ನೋದೆಲ್ಲ ಸುಳ್ಳು ಅನ್ನುವುದಿಲ್ಲ. ಕರ್ಚೀಫು ಕೆಳಗೆ ಬಿದ್ದಿತ್ತು, ಜೊತೆಗೆ ವಯಸ್ಸಾದವರಿದ್ದಾರೆ, ಹೀಗೆ ಏನಾದರೊಂದು ಕಾರಣ ಕೊಡುತ್ತಾರೆ. ಅಂದರೆ ಇಬ್ಬರೂ ಒಂದೇ ನ್ಯಾಯವನ್ನು ಒಪ್ಪಿಕೊಂಡೇ ಜಗಳಕ್ಕೆ ನಿಂತಿದ್ದಾರೆ. ಆ ನ್ಯಾಯ ಅವರಿಬ್ಬರೂ ಕೂತು ಮಾಡಿದ್ದಲ್ಲ. ಮುರಿದವನನ್ನೂ ಅದು ಒಳಗೆ ಚುಚ್ಚುತ್ತದೆ. ಹಾಗಾದರೆ ಅದರ ಹಿಂದೆ, ನಾವು ಸರಿಯಾಗಿ ನಡೆಯಬೇಕೆಂದು ಬಯಸುವ ಯಾವುದೋ ಒಂದು ಮನಸ್ಸು ಇರಬೇಕಲ್ವಾ? ಇದು ಲೂಯಿಸ್ ಅವರ ವಾದ.

ಅವರೇ ಮೊದಲು ನಾಸ್ತಿಕರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡಿದ್ದರು, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡಿದ್ದರು. ಇಷ್ಟು ಅನ್ಯಾಯ ತುಂಬಿದ ಲೋಕದಲ್ಲಿ ದೇವರೆಲ್ಲಿ ಅನ್ನುವುದೇ ಅವರ ತಕರಾರಾಗಿತ್ತು. ಆಮೇಲೆ ಆ ತಕರಾರೇ ಅವರನ್ನು ತಿರುಗಿ ಕೇಳಿತು. ಇದು ಅನ್ಯಾಯ ಅಂತ ನಿನಗೆ ಹೇಳಿಕೊಟ್ಟವರು ಯಾರು?

1948ರ ಜನವರಿಯಲ್ಲಿ ಅದೇ ಬಿಬಿಸಿಯಲ್ಲಿ ಇನ್ನೊಂದು ಮಾತುಕತೆ ನಡೆಯಿತು. ಒಂದು ಕಡೆ ದೇವರನ್ನು ನಂಬದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್, ಇನ್ನೊಂದು ಕಡೆ ಪಾದ್ರಿ ಕೊಪ್ಲ್‌ಸ್ಟನ್. ಒಳ್ಳೆಯದು ಕೆಟ್ಟದ್ದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಪಾದ್ರಿ ಕೇಳಿದರು. ನನ್ನ ಭಾವನೆಗಳಿಂದ ಅಂದರು ರಸೆಲ್. ನಾಜಿಗಳ ಬೆಲ್ಸನ್ ಸೆರೆಶಿಬಿರದ ಅಧಿಕಾರಿ ಮಾಡಿದ್ದು ಹಿಟ್ಲರನಿಗೆ ಸರಿ ಕಂಡಿರಬೇಕಲ್ಲ ಎಂದು ಪಾದ್ರಿ ಹಿಡಿದರು. ರಸೆಲ್ ಉತ್ತರ: ಕಾಮಾಲೆ ಆದವನಿಗೆ ಹಳದಿಯಲ್ಲದ್ದೂ ಹಳದಿಯಾಗಿ ಕಾಣುತ್ತದೆ.

ನನಗೆ ಈ ಉತ್ತರ ಸಾಲದು. ಕಾಮಾಲೆ ಅನ್ನಬೇಕಾದರೆ ನಿಜವಾದ ಬಣ್ಣ ಅಂತ ಒಂದಿರಬೇಕು. ಬರೀ ಭಾವನೆಗಳೇ ಇದ್ದರೆ ರೋಗ ಯಾರ ಕಣ್ಣಿಗೆ ಅಂತ ತೀರ್ಮಾನಿಸುವುದು ಹೇಗೆ? 1945ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನಿಕರು ಬೆಲ್ಸನ್ ಒಳಗೆ ಹೋದಾಗ ಸಾವಿರಾರು ಹೆಣಗಳು ಹೂಳುವವರಿಲ್ಲದೆ ಬಿದ್ದಿದ್ದವು. ಇಡೀ ಲೋಕ ಸರಿ ಅಂದಿದ್ದರೂ ಅದು ತಪ್ಪೇ. ಇಷ್ಟನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಆದರೆ ಇಲ್ಲಿಂದ ದೇವರವರೆಗೆ ಇನ್ನೂ ದಾರಿಯಿದೆ. ಸಾಕ್ರಟೀಸ್ ಕೇಳಿದ್ದ ಹಳೆಯ ಪ್ರಶ್ನೆ ಅಡ್ಡ ನಿಲ್ಲುತ್ತದೆ. ದೇವರು ಮೆಚ್ಚಿದ್ದಕ್ಕೆ ಅದು ಒಳ್ಳೆಯದಾಯಿತೋ, ಒಳ್ಳೆಯದಾಗಿದ್ದಕ್ಕೆ ದೇವರು ಮೆಚ್ಚಿದನೋ? ಮೊದಲನೆಯದಾದರೆ, ದೇವರು ಕೊಲ್ಲು ಅಂದರೆ ಕೊಲೆಯೂ ಸರಿ. ಎರಡನೆಯದಾದರೆ, ಒಳ್ಳೆಯತನ ದೇವರಿಗಿಂತ ಮೊದಲೇ ಇದೆ. ದೇವರ ಸ್ವಭಾವವೇ ಒಳ್ಳೆಯತನ ಎಂದು ಭಕ್ತರು ಉತ್ತರ ಕೊಡುತ್ತಾರೆ. ನಂಬುವ ನನಗೆ ಅದು ಸಾಕು. ನಂಬದವರು ಯಾಕೆ ಒಪ್ಪಬೇಕು?

ಇನ್ನೊಂದು ಮಾತು. ದೇವರ ಭಯ ಇಲ್ಲದವರು ಕೆಡುತ್ತಾರೆ ಅಂತ ಸುಮ್ನೆ ಹೇಳಿಬಿಡುತ್ತೇವೆ. ಲೂಯಿಸ್ ಹೇಳಿದ್ದು ಅದಲ್ಲ, ಅದು ನಿಜವೂ ಅಲ್ಲ. ಆಂಧ್ರದ ಗೋರಾ ಅವರನ್ನು ನೋಡಿ. ಪೂರ್ತಿ ಹೆಸರು ಗೋಪರಾಜು ರಾಮಚಂದ್ರ ರಾವ್. ಬ್ರಾಹ್ಮಣರಾಗಿ ಹುಟ್ಟಿ ಜನಿವಾರ ಬಿಟ್ಟವರು, ದೇವರಿಲ್ಲ ಎಂದು ಬಹಿರಂಗವಾಗಿ ಸಾರಿದವರು. ಅಸ್ಪೃಶ್ಯತೆಯ ವಿರುದ್ಧ ಜೀವಮಾನವಿಡೀ ದುಡಿದರು. ಗಾಂಧೀಜಿಯವರ ಜೊತೆ ದೇವರ ಬಗ್ಗೆ ವಾದ ಮಾಡಿದರು, ಜೊತೆಗೇ ಕೆಲಸವನ್ನೂ ಮಾಡಿದರು. ಮಗಳನ್ನು ದಲಿತ ಯುವಕನಿಗೆ ಕೊಟ್ಟರು. ಗಾಂಧೀಜಿ ತೀರಿಕೊಂಡ ಕೆಲವೇ ವಾರಗಳಲ್ಲಿ, 1948ರ ಮಾರ್ಚ್‌ನಲ್ಲಿ, ಸೇವಾಗ್ರಾಮದಲ್ಲಿ ಆ ಮದುವೆ ಆಯಿತು. ಆ ದಿನಗಳಲ್ಲಿ ದೇವರ ಹೆಸರು ಹೇಳಿಕೊಂಡೇ ದಲಿತರನ್ನು ಬಾವಿಯ ಹತ್ತಿರ ಬಿಡದವರು ಎಷ್ಟು ಜನ!

ಗೋರಾ ಅವರ ಒಳಗೆ ಕೂತು ಇದು ತಪ್ಪು ಅಂತ ಹೇಳಿಸಿದವನು ದೇವರೇ ಎಂದು ನನ್ನ ನಂಬಿಕೆ. ಅವರು ಇದನ್ನು ಖಂಡಿತ ಒಪ್ಪುತ್ತಿರಲಿಲ್ಲ. ಅವರನ್ನು ಒಪ್ಪಿಸುವಂಥ ವಾದ ಲೂಯಿಸ್ ಅವರಲ್ಲೂ ನನಗೆ ಸಿಕ್ಕಿಲ್ಲ.

ನಮಸ್ಕಾರ.