ಹೆಪ್ಪು ಹಿಡಿಯದ ಹಾಲು

ರೈತ ಬಾಂಧವರಿಗೆ ನಮಸ್ಕಾರ.

ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗಿರುತ್ತೀರಿ. ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇದೆ. ಚಳಿ ಜಾಸ್ತಿ, ಹೆಪ್ಪು ಹಳೇದು ಅಂದುಕೊಳ್ಳುತ್ತೇವೆ, ಅಲ್ವಾ? ಎಷ್ಟೋ ಸಲ ಅದು ನಿಜವೇ. ಆದರೆ ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲಾದರೂ ಹೀಗಾಗಬಹುದು. ಹಾಲನ್ನು ಮೊಸರು ಮಾಡುವುದು ಬ್ಯಾಕ್ಟೀರಿಯಾ. ಆ ಔಷಧಿಯಲ್ಲಿರುವ ಆಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾ ತಡೆಯುವ ಮದ್ದು, ಅದನ್ನೂ ಬಿಡುವುದಿಲ್ಲ.

ಹಾಲಿನಲ್ಲಿ ಔಷಧಿ ಇದೆಯಾ ಅಂತ ಲ್ಯಾಬಿನಲ್ಲಿ ಪರೀಕ್ಷಿಸುವುದೂ ಹೆಚ್ಚುಕಡಿಮೆ ಹೀಗೇ. ಬೆರಳುದ್ದದ ಶೀಶೆ, ತಳದಲ್ಲಿ ನೇರಳೆ ಬಣ್ಣದ ಜೆಲ್ಲಿ. ಅದರಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ನಿದ್ದೆಯಲ್ಲಿರುತ್ತದೆ. ಮೇಲೆ ಒಂದೆರಡು ಹನಿ ಹಾಲು ಬಿಟ್ಟು, 64 ಡಿಗ್ರಿ ಶಾಖದಲ್ಲಿ ಸುಮಾರು 3 ಗಂಟೆ ಇಡುತ್ತಾರೆ. ಹಾಲಿನಲ್ಲಿ ಔಷಧಿ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಎದ್ದು ಬೆಳೆದು ಹುಳಿ ಬಿಡುತ್ತದೆ, ನೇರಳೆ ಹೋಗಿ ಹಳದಿಯಾಗುತ್ತದೆ. ನೇರಳೆ ಹಾಗೇ ಉಳಿದರೆ ಆ ಹಾಲಿನ ಮೇಲೆ ಅನುಮಾನ. ಅವಸರಕ್ಕೆ ನಿಮಿಷಗಳಲ್ಲಿ ಗೆರೆ ತೋರಿಸುವ ಪಟ್ಟಿಗಳೂ ಇವೆ. ಯಾವ ಔಷಧಿ, ಎಷ್ಟಿದೆ ಅಂತ ಖಚಿತವಾಗಬೇಕಾದರೆ ಮಾತ್ರ ದೊಡ್ಡ ಯಂತ್ರ ಬೇಕು.

ಪೆನಿಸಿಲಿನ್ ಅನ್ನುವ ಆಂಟಿಬಯೋಟಿಕ್‌ಗೆ ಕೋಡೆಕ್ಸ್ (ಆಹಾರದ ಗುಣಮಟ್ಟ ನಿಗದಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಹಾಕಿರುವ ಮಿತಿ, ಒಂದು ಕೆ.ಜಿ. ಹಾಲಿಗೆ 4 ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿ: ಒಂದೇ ಒಂದು ಗ್ರಾಂ ಪೆನಿಸಿಲಿನ್ ಸಾಕು, ಎರಡೂವರೆ ಲಕ್ಷ ಕೆ.ಜಿ. ಹಾಲು ಆ ಮಿತಿ ಮುಟ್ಟಲು! ಡೈರಿಯಲ್ಲಿ ಎಲ್ಲರ ಹಾಲೂ ಒಂದೇ ಕಡೆ ಸೇರುತ್ತದೆ. ಒಬ್ಬರ ಕ್ಯಾನಿನ ತಪ್ಪು ಊರಿನವರೆಲ್ಲರ ಹಾಲಿಗೆ ಅಂಟುತ್ತದೆ. ಹಾಲು ಕಾಯಿಸಿದರೆ ಔಷಧಿ ಪೂರ್ತಿ ಹೋಗುತ್ತದೆ ಅನ್ನುವ ಹಾಗೂ ಇಲ್ಲ. ಪೆನಿಸಿಲಿನ್ ಒಗ್ಗದವರಿಗೆ ತೊಂದರೆ ಆಗಬಹುದು. ಸುಮ್ನೆ ಸುಮ್ನೆ ಒಳಗೆ ಹೋಗುವ ಔಷಧಿಯಿಂದ ರೋಗಾಣುಗಳು ಅದಕ್ಕೇ ಒಗ್ಗಿಕೊಳ್ಳುತ್ತವೆ ಅನ್ನುವುದು ಇನ್ನೂ ದೊಡ್ಡ ಚಿಂತೆ.

ಹಸುವಿಗೆ ಔಷಧಿ ಕೊಟ್ಟ ಮೇಲೆ ನಾಲ್ಕು ದಿನ ಹಾಲು ಚೆಲ್ಲುವುದು ಎಷ್ಟು ಸಂಕಟ ಅಂತ ನನಗೆ ಗೊತ್ತು. ಆ ದುಡ್ಡು ಮೇವಿಗೆ, ಮಗುವಿನ ಫೀಸಿಗೆ ಬೇಕಾಗಿರುತ್ತದೆ. ಆ ನಷ್ಟವನ್ನು ರೈತನೊಬ್ಬನ ಹೆಗಲಿಗೇ ಬಿಡುವುದು ಸರಿಯಲ್ಲ, ಸಂಘಗಳೂ ಕೈಜೋಡಿಸಬೇಕು ಅನ್ನುವುದು ನನ್ನ ಮನಸ್ಸಿನ ಮಾತು. ಆದರೂ ಆ ಹಾಲು ಡೈರಿಗೆ ಬೇಡ. ಒಂದೇ ಮೊಲೆಗೆ ಟ್ಯೂಬ್ ಹಾಕಿದ್ದರೂ ಉಳಿದ ಮೂರರ ಹಾಲೂ ಬೇಡ, ಔಷಧಿ ರಕ್ತದ ಮೂಲಕ ಅಲ್ಲಿಗೂ ಹೋಗುತ್ತದೆ.

ಡಾಕ್ಟರು ಇಂಜೆಕ್ಷನ್ ಕೊಟ್ಟು ಹೊರಡುವ ಮುಂಚೆ ಕೇಳಿ: "ಸಾರ್, ಎಷ್ಟು ದಿನ ಹಾಲು ಹಾಕಬಾರದು?" ಅವರು ಹೇಳಿದ ತಾರೀಖನ್ನು ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಹಸುವಿನ ಹಿಂಗಾಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ನೀವು ಊರಲ್ಲಿ ಇಲ್ಲದ ದಿನ ಹಾಲು ಕರೆಯುವವರಿಗೂ ಅದು ಕಾಣಲಿ.

ನಮಸ್ಕಾರ.