ಲೆಕ್ಕ ಮೊದಲು, ಲೈಟು ಆಮೇಲೆ

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ಕರ್ಜಿಕಾಯಿ ವಿಡಿಯೋ ಬರಬೇಕಿತ್ತು. ಕೊಬ್ಬರಿ ತುರಿದಿಟ್ಟಿದ್ದೆ, ಹುರಿಗಡಲೆ ಪುಡಿ ಮಾಡಿಟ್ಟಿದ್ದೆ. ಅಷ್ಟರಲ್ಲಿ ಹೋದ ವಾರದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಓದಿದೆ. ಕರ್ಜಿಕಾಯಿ ಮುಂದಿನ ವಾರಕ್ಕೆ ಹೋಯಿತು. ಮೊದಲು ಇದಕ್ಕೆ ಉತ್ತರ ಕೊಡಬೇಕು.

ಒಬ್ಬ ತಮ್ಮ ಬರೆದಿದ್ದಾನೆ: "ಅಕ್ಕಾ, ಕ್ರಿಸ್‌ಮಸ್ ಬರುವುದು ವರ್ಷಕ್ಕೆ ಒಂದೇ ಸಲ. ಅದಕ್ಕೂ ಲೆಕ್ಕ ಹಾಕಿಕೊಂಡು ಕೂತರೆ ಅದೇನು ಹಬ್ಬ? ಸಾಲ ಮಾಡಿಯಾದರೂ ಜೋರಾಗಿ ಮಾಡಬೇಕು. ಮಕ್ಕಳ ಖುಷಿಗೆ ಬೆಲೆ ಕಟ್ಟಬೇಡಿ." ಅದರ ಕೆಳಗೆ ಹಾರ್ಟ್ ಮೇಲೆ ಹಾರ್ಟ್.

ತಮ್ಮಾ, ನಿನ್ನ ಮೇಲೆ ನನಗೆ ಕೋಪ ಇಲ್ಲ. ಆ ಮಾತಿನ ಮೇಲೆ ಇದೆ. ತುಂಬಾ ಇದೆ. ಈ ಮಾತು ನಂಬಿಕೊಂಡು ಡಿಸೆಂಬರ್‌ನಲ್ಲಿ ಕುಣಿದವರ ಮನೆಯಲ್ಲಿ ಜನವರಿ ಪೂರ್ತಿ ಜಗಳ ನಡೆಯುವುದನ್ನು ನಾನು ನೋಡಿದ್ದೇನೆ. ಅದಕ್ಕೇ ನನ್ನದು ಒಂದೇ ಮಾತು. ಲೆಕ್ಕ ಮೊದಲು, ಲೈಟು ಆಮೇಲೆ. ಬಾಗಿಲಿಗೆ ಸ್ಟಾರ್ ಕಟ್ಟುವ ಮುಂಚೆ, ಕೇಕಿಗೆ ಅಡ್ವಾನ್ಸ್ ಕೊಡುವ ಮುಂಚೆ, ಮಕ್ಕಳ ಕೈ ಹಿಡಿದುಕೊಂಡು ಕಮರ್ಷಿಯಲ್ ಸ್ಟ್ರೀಟ್ ಹತ್ತುವ ಮುಂಚೆ, ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಈ ಸಲ ಕೈಯಲ್ಲಿ ಇರುವುದು ಎಷ್ಟು? ಅಷ್ಟೇ ಪ್ರಶ್ನೆ.

ಯಾಕೆ ಇಷ್ಟು ಹಟ ಅಂತೀರಾ? ನಮ್ಮ ಹಬ್ಬ ಬರುವ ಹೊತ್ತು ನೋಡಿ. ನಮ್ಮ ಬೆಂಗಳೂರಲ್ಲಿ ಬೋನಸ್ ಬರುವುದು ಆಯುಧಪೂಜೆಗೆ, ಇಲ್ಲ ದೀಪಾವಳಿಗೆ. ಪೀಣ್ಯದಲ್ಲಿ, ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರನ್ನು ಕೇಳಿ. ಕಾನೂನಿನ ಪ್ರಕಾರ ಕನಿಷ್ಠ 8.33 ಪರ್ಸೆಂಟ್ ಬೋನಸ್ ಕೈಗೆ ಬರುತ್ತದೆ, ಆದರೆ ಅದು ಬಂದು ಎರಡು ತಿಂಗಳಾದ ಮೇಲೆ ನಮ್ಮ ಹಬ್ಬ. ಫ್ಯಾಕ್ಟರಿ ಸಂಬಳ ಆಗುವುದು 7ನೇ ತಾರೀಖಿನ ಹೊತ್ತಿಗೆ. ಕ್ರಿಸ್‌ಮಸ್ 25ಕ್ಕೆ. ಎರಡು ಸಂಬಳಗಳ ಸರಿಯಾಗಿ ನಡುವೆ! ಹಬ್ಬ ಮುಗಿದು ಎಂಜಲು ತಟ್ಟೆ ತೊಳೆಯುವಷ್ಟರಲ್ಲಿ ಮನೆ ಓನರ್ ಬಾಡಿಗೆಗೆ ನಿಂತಿರುತ್ತಾರೆ. ಇಂಥ ಜಾಗದಲ್ಲಿ ಹಬ್ಬ ಇರುವಾಗ ಲೆಕ್ಕ ಇಲ್ಲದೆ ಮಾಡು ಅನ್ನುವುದು ಒಳ್ಳೆ ಮನಸ್ಸಿನ ಮಾತಾ?

"ಕಾರ್ಡ್ ಇದೆಯಲ್ಲ" ಅಂತ ಇನ್ನೊಬ್ಬರು ಕೆಳಗೆ ಬರೆದಿದ್ದಾರೆ. ಸರಿ, ಕಾರ್ಡಿಗೇ ಬರೋಣ. ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿಯ ಕಾರ್ಡ್ ಅಂದುಕೊಳ್ಳಿ. 20,000 ರೂಪಾಯಿ ಬಟ್ಟೆ, ಕೇಕು, ಆಟದ ಸಾಮಾನು ತಂದಿರಿ. ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಒಂದು ತಿಂಗಳ ಬಡ್ಡಿ ಹತ್ತಿರ ಹತ್ತಿರ 700. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದು 126. ಒಟ್ಟು 826 ರೂಪಾಯಿ, ಒಂದೇ ತಿಂಗಳಿಗೆ, ಸುಮ್ನೆ ಹೋಯಿತು. ಆ ದುಡ್ಡಿಗೆ ಮನೆ ಮಂದಿಗೆಲ್ಲ ಒಂದು ಭಾನುವಾರ ಮಟನ್ ಸಾರು ಆಗುತ್ತಿತ್ತು. "ನೋ ಕಾಸ್ಟ್ ಇಎಂಐ" ಅಂತೀರಾ? 2013ರಲ್ಲೇ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಹೇಳಿದೆ, ಶೂನ್ಯ ಬಡ್ಡಿ ಅನ್ನುವುದು ಇಲ್ಲವೇ ಇಲ್ಲ ಅಂತ. ಬಡ್ಡಿಯನ್ನು ಪ್ರೊಸೆಸಿಂಗ್ ಫೀಯಲ್ಲೋ ಸಾಮಾನಿನ ಬೆಲೆಯಲ್ಲೋ ಸೇರಿಸಿರುತ್ತಾರೆ. ಬಿಟ್ಟಿ ಕೊಡುವುದಕ್ಕೆ ಅವರೇನು ನಮ್ಮ ಸೋದರಮಾವನಾ?

ಇದರ ಬಗ್ಗೆ ಬೇರೆ ವಿಡಿಯೋನೇ ಇದೆ, ಮೇಲೆ ಲಿಂಕ್ ಬರುತ್ತಿದೆ ನೋಡಿ. ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿಬಿಡಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಇಎಂಐ ಕೂಡ ಬೇಡ.

ಈಗ ಲೆಕ್ಕ ಹೇಗೆ ಹಾಕುವುದು? ಕೈಯಲ್ಲಿ 6,000 ಇದೆ ಅಂದುಕೊಳ್ಳೋಣ. ಹಾಳೆಯ ಮೇಲ್ಗಡೆ ದೊಡ್ಡದಾಗಿ ಬರೆಯಿರಿ. ಮೊದಲು ಚರ್ಚಿನ ಕಾಣಿಕೆ, ಇಲ್ಲದವರಿಗೆ ಕೊಡುವುದು, ಅದನ್ನು ತೆಗೆದಿಡಿ. ಉಳಿದಿದ್ದರಲ್ಲಿ ಮನೆಯವರೆಲ್ಲ ಸೇರಿ ಒಂದೇ ಒಂದು ದೊಡ್ಡ ಖರ್ಚು ಆರಿಸಿ. ಒಂದೇ! ಮಕ್ಕಳ ಬಟ್ಟೆಯೋ, ಹಬ್ಬದ ಊಟವೋ, ಊರಿಗೆ ಹೋಗುವುದೋ. ಅದಕ್ಕೆ ಕೈ ಬಿಚ್ಚಿ ಖರ್ಚು ಮಾಡಿ, ಕಂಜೂಸ್ ಮಾಡಬೇಡಿ. ಬೇರೆ ಎಲ್ಲವನ್ನೂ ಕೈಯಲ್ಲಿ ಮಾಡಿ, ಇಲ್ಲ ಬಿಡಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಂಟು ವರ್ಷದ ಮಗುವಿಗೆ ಕೂಡಿಸುವುದು ಕಳೆಯುವುದು ಬರುತ್ತದೆ. ಅದರ ಮುಂದೆ ಇಟ್ಟು ಕೇಳಿ, "ಹೊಸ ಶೂ ಬೇಕಾ, ರಿಮೋಟ್ ಕಾರ್ ಬೇಕಾ?" ತಾನೇ ಆರಿಸಿದ್ದಕ್ಕೆ ಮಗು ಅಳುವುದಿಲ್ಲ. ಮಕ್ಕಳ ಖುಷಿ, ಮಕ್ಕಳ ಖುಷಿ ಅಂತೀರಲ್ಲ, ಮಕ್ಕಳನ್ನು ಯಾವತ್ತಾದರೂ ಕೇಳಿದ್ದೀರಾ?

ಬಟ್ಟೆ ದೊಡ್ಡ ಖರ್ಚಾದರೆ ಚಿಕ್ಕಪೇಟೆಗೆ ಹೋಗಿ. ಹಸಿರು ಮೆಟ್ರೋ ಅಲ್ಲೇ ನಿಲ್ಲುತ್ತದೆ. ಹೆಂಗಸರಿಗೆ 2023ರ ಜೂನ್‌ನಿಂದ ಬಿಎಂಟಿಸಿ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಇಲ್ಲ, ಆಧಾರ್ ಮರೆಯಬೇಡಿ. ಸೀರಿಯಲ್ ಸೆಟ್ ಬೇಕಾದರೆ ಅಲ್ಲೇ ಪಕ್ಕದಲ್ಲಿ ಬಿವಿಕೆ ಅಯ್ಯಂಗಾರ್ ರಸ್ತೆ. ಮಾಲ್‌ನಲ್ಲಿ ಮೆಟ್ಟಿಲು ಹತ್ತುವ ಮೊದಲೇ ಬೆಲೆ ಹತ್ತಿರುತ್ತದೆ. ಆದರೆ ಮೊದಲು ಅಟ್ಟದ ಮೇಲಿನ ಹೋದ ವರ್ಷದ ಸೆಟ್ ಇಳಿಸಿ ನೋಡಿ. ಎಷ್ಟೋ ಸಲ ಪ್ಲಗ್ ಹತ್ತಿರ ವೈರ್ ಬಿಟ್ಟಿರುತ್ತದೆ, ಅಷ್ಟೇ. ನೋಡಿದಿರಾ, ಲೈಟಿಗೂ ಲೆಕ್ಕವೇ ಮೊದಲು.

ಈಗ ನನಗೆ ಇಷ್ಟವಾದ ಜಾಗಕ್ಕೆ ಬಂದೆ. ತಿಂಡಿ. ಇದರಲ್ಲಿ ಉಳಿತಾಯವೂ ಜಾಸ್ತಿ, ಖುಷಿಯೂ ಜಾಸ್ತಿ. ಕಲ್‌ಕಲ್ ಅಂದರೆ ಚಿಪ್ಪಿನ ಆಕಾರದ ಕರಿದ ಸಿಹಿ ತಿಂಡಿ. ಅದಕ್ಕೆ ಏನು ಬೇಕು? ಮೈದಾ, ಸಕ್ಕರೆ, ಮೊಟ್ಟೆ, ತೆಂಗಿನಹಾಲು. ಹಿಟ್ಟು ಕಲಸಿ ಮಕ್ಕಳ ಕೈಗೆ ಒಂದೊಂದು ಫೋರ್ಕ್ ಕೊಡಿ. ಫೋರ್ಕಿನ ಬೆನ್ನ ಮೇಲೆ ಒತ್ತಿ ಸುತ್ತುತ್ತಾ ಕೂರುತ್ತಾರೆ, ಸಂಜೆ ಪೂರ್ತಿ ಮೊಬೈಲ್ ನೆನಪೇ ಬರುವುದಿಲ್ಲ. ರೋಸ್ ಕುಕೀಸ್, ಅಂದರೆ ಹೂವಿನ ಆಕಾರದ ಕರಿದ ಗರಿಗರಿ ತಿಂಡಿ, ಅದಕ್ಕೆ ಅಚ್ಚು ಬೇಕು. ಕೊಳ್ಳಬೇಡಿ, ಬೀದಿಯಲ್ಲಿ ಯಾರಾದರೂ ಅಜ್ಜಿ ಹತ್ತಿರ ಇದ್ದೇ ಇರುತ್ತದೆ. ಹಳೇ ಅಚ್ಚೇ ವಾಸಿ, ಎಣ್ಣೆ ಕುಡಿದು ಕುಡಿದು ಪಳಗಿರುತ್ತದೆ, ಹಿಟ್ಟು ಅಂಟುವುದಿಲ್ಲ. ಹೊಸ ಅಚ್ಚಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಿ. ಮಂಗಳೂರಿನ ಕಡೆಯವರು ಇದನ್ನೆಲ್ಲ ಸೇರಿಸಿ ಕುಸ್ವಾರ್ ಅನ್ನುತ್ತಾರೆ, ನಮ್ಮ ಕಡೆ ಚಕ್ಕುಲಿ, ನಿಪ್ಪಟ್ಟು, ಕಜ್ಜಾಯವೂ ಅದೇ ತಟ್ಟೆಗೆ ಹತ್ತುತ್ತವೆ. ಎರಡು ಮೂರು ಮನೆಯವರು ಸೇರಿ ಮಾಡಿದರೆ ಒಂದೇ ಬಾಣಲೆ, ಒಂದೇ ಎಣ್ಣೆ, ಗ್ಯಾಸೂ ಉಳಿಯುತ್ತದೆ.

ಕೇಕ್ ವಿಷಯ. ಪ್ಲಮ್ ಕೇಕಿನ ಆ ಕಪ್ಪು ಬಣ್ಣ ನೋಡಿ ಏನೋ ದುಬಾರಿ ಸಾಮಾನು ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ಅದು ಸುಟ್ಟ ಸಕ್ಕರೆ! ಸಕ್ಕರೆಯನ್ನು ಕಡುಕಂದು ಬಣ್ಣ ಬರುವವರೆಗೆ ಕಾಯಿಸಿ, ಬಿಸಿನೀರು ಹುಷಾರಾಗಿ ಹಾಕಿದರೆ ಆಯಿತು. ಟೂಟಿ ಫ್ರೂಟಿ ಅಂದರೆ ಪಪ್ಪಾಯಿ ಕಾಯಿ. ಒಣದ್ರಾಕ್ಷಿ, ಖರ್ಜೂರ ಬೇಕಾದರೆ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋಗಿ, ತೂಕಕ್ಕೆ ಕೊಡುತ್ತಾರೆ, ಬೇಕಾದಷ್ಟೇ ತನ್ನಿ. ಡಬ್ಬಿ ನೋಡಿ ಮರುಳಾಗಬೇಡಿ. ರಮ್‌ನಲ್ಲೇ ನೆನೆಸಬೇಕು ಅಂತ ಯಾರು ಹೇಳಿದ್ದು? ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಳೆಯುವ ಕಪ್ಪು ದ್ರಾಕ್ಷಿ ಇದೆಯಲ್ಲ, ಬೆಂಗಳೂರು ಬ್ಲೂ, ಅದಕ್ಕೆ ಜಿಐ ಮಾನ್ಯತೆ, ಅಂದರೆ ಇದು ಈ ಕಡೆಯದೇ ವಿಶೇಷ ಅನ್ನುವ ಸರ್ಕಾರದ ಗುರುತು, ಅದೂ ಸಿಕ್ಕಿದೆ. ಅದನ್ನು ಸ್ವಲ್ಪ ಸಕ್ಕರೆ ಹಾಕಿ ಕುದಿಸಿ ಸೋಸಿ, ಆ ರಸದಲ್ಲಿ ಒಣದ್ರಾಕ್ಷಿ, ಖರ್ಜೂರವನ್ನು ಎರಡು ದಿನ ಫ್ರಿಜ್ಜಿನಲ್ಲಿ ನೆನೆಯಲು ಬಿಡಿ. ಘಮ್ ಅನ್ನುತ್ತದೆ. ಓವನ್ ಇಲ್ಲವಾ? ಕುಕ್ಕರ್ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸಿ. ಮನೆಯಲ್ಲಿ ಹಿಟ್ಟು ಕಲಸಿ ಬೇಕರಿ ಒಲೆಯಲ್ಲಿ ಬೇಯಿಸಿಕೊಂಡು ಬರುವುದು ಈ ಊರಿನ ಹಳೇ ಪದ್ಧತಿ. ನಿಮ್ಮ ಬೀದಿ ಬೇಕರಿಯಲ್ಲೂ ಕೇಳಿ ನೋಡಿ, ಕೆಲವರು ಒಪ್ಪುತ್ತಾರೆ. ಅಳತೆಯೆಲ್ಲ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೇನೆ. ನನ್ನ ಈ ಕೇಕ್ ತಿಂದವರು ಯಾರೂ ಬೇಕರಿ ಕೇಕ್ ನೆನೆಸಿಕೊಂಡಿಲ್ಲ, ಧೈರ್ಯವಾಗಿ ಮಾಡಿ.

ಯೇಸು ಹುಟ್ಟಿದ ಕೊಟ್ಟಿಗೆಯನ್ನು ಮನೆಯಲ್ಲಿ ಮಾಡಿಡುತ್ತೇವಲ್ಲ, ಆ ಗೋದಲಿಗೂ ಅಷ್ಟೇ. ಒಂದು ತಟ್ಟೆಯಲ್ಲಿ ಮಣ್ಣು ಹಾಕಿ, 14 ಅಥವಾ 15ನೇ ತಾರೀಖು ರಾಗಿ ಬಿತ್ತಿ. 24ರ ಹೊತ್ತಿಗೆ ಹಸಿರು ಹುಲ್ಲು ಬಂದಿರುತ್ತದೆ. ಗೋಣಿಚೀಲ, ಬ್ರೌನ್ ಪೇಪರ್ ಸುಕ್ಕು ಮಾಡಿದರೆ ಬೆಟ್ಟ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೋ ಅನ್ನುವ ಹಳ್ಳಿಯಲ್ಲಿ ಗೋದಲಿ ಇಟ್ಟಾಗ ಅಲ್ಲಿದ್ದದ್ದು ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಅಷ್ಟೇ! ನಿಮಗೆ ಮೋಟಾರ್ ಜಲಪಾತ ಯಾಕೆ ಬೇಕು?

"ನೆಂಟರು ಏನಂದುಕೊಳ್ಳುತ್ತಾರೆ" ಅನ್ನುವುದು ಮುಂದಿನ ಕಾಮೆಂಟ್. ಅಂದುಕೊಳ್ಳಲಿ! ನಿಮ್ಮ ಮನೆಯ ಕೋಳಿ ಸಾರು ತಿಂದು ಗೊಣಗುವವರು ಹೇಗೆ ಮಾಡಿದರೂ ಗೊಣಗುತ್ತಾರೆ. ಈ ತಿಂಗಳು ಅವರೆಕಾಯಿ ಕಾಲ. ಹಿತಕಿದ ಅವರೆಬೇಳೆಗೆ ಸ್ವಲ್ಪ ಕೀಮಾ ಹಾಕಿ ಸಾರು ಮಾಡಿ ಬಡಿಸಿ, ಯಾರು ಮಾತಾಡುತ್ತಾರೋ ನೋಡೋಣ. "ಆಫೀಸಿನಲ್ಲಿ ಸೀಕ್ರೆಟ್ ಸಾಂಟಾ ಇದೆ" ಅಂತ ಇನ್ನೊಬ್ಬರು. ಚೀಟಿ ಎತ್ತಿ, ಅದರಲ್ಲಿ ಹೆಸರು ಬಂದವರಿಗೆ ಗುಟ್ಟಾಗಿ 500 ರೂಪಾಯಿಯ ಕಪ್ ಕೊಟ್ಟು, ನೀವೂ ಒಂದು ಕಪ್ ತಗೊಂಡು ಬರುತ್ತೀರಿ. ಮನೆಯಲ್ಲಿ ಕಪ್ ಇಲ್ಲವಾ? ಒಂದು ಪೊಟ್ಟಣ ಕಲ್‌ಕಲ್ ಕಟ್ಟಿಕೊಂಡು ಹೋಗಿ ಕೊಡಿ.

ಒಬ್ಬರಂತೂ "ಲೆಕ್ಕ ಹಾಕುವುದು ಕ್ರೈಸ್ತ ಬುದ್ಧಿಯಲ್ಲ" ಅಂತ ಬರೆದಿದ್ದಾರೆ. ಇದನ್ನು ಓದಿ ನನಗೆ ಕೈ ನಡುಗಿತು. ಸ್ವಾಮಿ, ಬೈಬಲ್ ತೆಗೆಯಿರಿ. ಲೂಕನ ಶುಭಸಂದೇಶ, 14ನೇ ಅಧ್ಯಾಯ, 28ನೇ ವಚನ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಅಂತ ಕೇಳಿದ್ದು ಯಾರು? ಯೇಸುಸ್ವಾಮಿ! ಅವರೇ ಹೇಳಿದ್ದಾರೆ, ಲೆಕ್ಕ ಮೊದಲು. ಲೈಟು ಆಮೇಲೆ ಅನ್ನುವುದನ್ನು ಮಾತ್ರ ನಾನು ಸೇರಿಸಿದ್ದೇನೆ.

"ಹೊರಗೆ ಸುತ್ತಾಡಿಸದಿದ್ದರೆ ಮಕ್ಕಳಿಗೆ ಬೇಜಾರು." ಸುತ್ತಾಡಿಸಿ, ಯಾರು ಬೇಡ ಅಂದರು? ಬ್ರಿಗೇಡ್ ರೋಡಿನ ದೀಪ ನೋಡುವುದಕ್ಕೆ ಟಿಕೆಟ್ ಇಲ್ಲ. ಶಿವಾಜಿನಗರದ ಸೇಂಟ್ ಮೇರಿಸ್ ಬಸಿಲಿಕಾ, ವಿವೇಕನಗರದ ಬಾಲಯೇಸು ದೇವಾಲಯ, ಎಂ.ಜಿ. ರೋಡ್ ತುದಿಯ ಸೇಂಟ್ ಮಾರ್ಕ್ಸ್, ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚ್, ಒಂದೊಂದು ಸಂಜೆಗೆ ಒಂದೊಂದು. ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಸ್ಟಾರ್ ಹೋಟೆಲ್ ಬಫೆಯಲ್ಲಿ ಮಗು ತಿನ್ನುವುದು ಎರಡು ಫ್ರೆಂಚ್ ಫ್ರೈಸ್, ಒಂದು ಐಸ್‌ಕ್ರೀಮ್. ಅದಕ್ಕೆ ಸಾವಿರಗಟ್ಟಲೆ!

ಇಷ್ಟಾದ ಮೇಲೂ ಯಾರಾದರೂ "ಆದರೂ ಅಕ್ಕಾ, ವರ್ಷಕ್ಕೊಂದು ಸಲ ತಾನೇ" ಅಂದರೆ, ನನ್ನ ಹತ್ತಿರ ಬೇರೆ ಮಾತಿಲ್ಲ. ಹೌದು, ವರ್ಷಕ್ಕೊಂದು ಸಲ. ಅದಕ್ಕೇ ಲೆಕ್ಕ! ಲೆಕ್ಕ ಮೊದಲು, ಲೈಟು ಆಮೇಲೆ! ಹಾಳೆ ತಗೊಳ್ಳಿ. ಪೆನ್ ತಗೊಳ್ಳಿ. ಈ ವಿಡಿಯೋ ನಿಲ್ಲಿಸಿ ಬರೆಯಿರಿ. ಬೇಡ, ಲೈಕ್ ಒತ್ತಿ ಆಮೇಲೆ ನಿಲ್ಲಿಸಿ. ಬರೆದ ಹಾಳೆಯ ಫೋಟೋವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿ, ಒಂದೊಂದನ್ನೂ ನಾನೇ ನೋಡಿ ಉತ್ತರ ಕೊಡುತ್ತೇನೆ. ಹಾರ್ಟ್ ಒತ್ತಿದವರೆಲ್ಲ ಮೊದಲು ಹಾಕಬೇಕು.

ಈ ಶನಿವಾರ ಸಂಜೆ 6 ಗಂಟೆಗೆ ಲೈವ್ ಇದೆ, ರೋಸ್ ಕುಕೀಸ್ ಮಾಡೋಣ. ಅಚ್ಚು ಇಲ್ಲದವರು ಶುಕ್ರವಾರವೇ ಪಕ್ಕದ ಮನೆಯಲ್ಲಿ ಕೇಳಿ ತಂದಿಟ್ಟುಕೊಳ್ಳಿ. ಎಣ್ಣೆ ಕಾದ ಮೇಲೆ ಯಾರೂ ಓಡುವ ಹಾಗಿಲ್ಲ.